ಒಳಗೆ ಉಳಿದಿದ್ದನ್ನು ಯಾರ ಮುಂದೆ ಬಿಚ್ಚುವುದು? ಮನೋವಿಶ್ಲೇಷಣೆ, ಸೈಕೋಡೈನಮಿಕ್, ಸಿಬಿಟಿ, ಇಎಂಡಿಆರ್: ಯಾವುದು ಯಾರಿಗೆ

ಅಪ್ಪ ತೀರಿಕೊಂಡ ಸುದ್ದಿ ಬಂದಿದ್ದು ಬೆಳಗಿನ ಜಾವ ನಾಲ್ಕೂಮುಕ್ಕಾಲಿಗೆ, ಫೋನಿನಲ್ಲಿ. ನಾನು ಹಿರಿಯ ಮಗಳು. ಮನೆ ತುಂಬ ಜನ, ಎಲ್ಲರ ಬಾಯಲ್ಲೂ ಒಂದೇ ಮಾತು: "ನೀನೇ ಹೀಗೆ ಕೂತರೆ ಅಮ್ಮನ್ನ ಯಾರು ನೋಡ್ಕೊಳ್ತಾರೆ? ಧೈರ್ಯ ತಗೋ." ತಗೊಂಡೆ. ಶಾಮಿಯಾನದವನಿಗೆ ದುಡ್ಡು ಕೊಟ್ಟೆ, ಪುರೋಹಿತರಿಗೆ ಫೋನ್ ಮಾಡಿದೆ, ವೈಕುಂಠ ಸಮಾರಾಧನೆಗೆ ಎಲೆ ಎಷ್ಟು ಬೇಕು ಅಂತ ಲೆಕ್ಕ ಹಾಕಿದೆ. ಅಳಲಿಲ್ಲ. ಅದಾಗಿ ಒಂಬತ್ತು ವರ್ಷ. ಈಗಲೂ ಅಪರಾತ್ರಿ ಫೋನ್ ರಿಂಗಾದರೆ ಕೈ ತಣ್ಣಗಾಗುತ್ತದೆ. ಅದು ಒಂದು. ಇನ್ನೊಂದು, ನನಗೆ ಯಾರಿಗೂ "ಆಗಲ್ಲ" ಅನ್ನಲು ಬರುತ್ತಿರಲಿಲ್ಲ. ಎಲ್ಲದಕ್ಕೂ ಹೂಂ ಅನ್ನುವುದು, ಆಮೇಲೆ ಸಾರಿಗೆ ಉಪ್ಪು ಜಾಸ್ತಿ ಆಯ್ತು ಅಂತ ಗಂಡ ಅಂದಿದ್ದಕ್ಕೆ ಸೌಟು ಎಸೆಯುವುದು.

ಇವೆರಡೂ ಒಂದೇ ಗಂಟು ಅಂತ ಎಷ್ಟೋ ದಿನ ಅಂದುಕೊಂಡಿದ್ದೆ. ಗೆಳತಿಯೊಬ್ಬಳು "ಥೆರಪಿಗೆ ಹೋಗು" ಅಂದಳು. ಹುಡುಕಿದರೆ ಹೋಟೆಲ್ ಮೆನುವಿನ ಹಾಗೆ ಹೆಸರುಗಳು. ಎಲ್ಲರೂ "ಸುಪ್ತಮನಸ್ಸಿನ ಗಾಯ ವಾಸಿಮಾಡುತ್ತೇವೆ" ಅನ್ನುವವರೇ. ಇಬ್ಬರು ಥೆರಪಿಸ್ಟ್, ಒಬ್ಬ ಸಮ್ಮೋಹನದವರು (ಹಿಪ್ನೋಸಿಸ್), ಎರಡು ವರ್ಷ, ಒಂದಷ್ಟು ದುಡ್ಡು ಆದ ಮೇಲೆ ನನಗೆ ತಿಳಿದಿದ್ದು ಇಷ್ಟು: ಯಾವ ಪಂಥ ಒಳ್ಳೆಯದು ಅಂತ ಮೊದಲು ಕೇಳಬೇಡಿ. ನಿಮ್ಮೊಳಗೆ ಉಳಿದಿದ್ದು ಯಾವ ವೇಷದಲ್ಲಿ ಹೊರಗೆ ಬರುತ್ತಿದೆ ಅಂತ ನೋಡಿ. ಒಂದು ಘಟನೆಗೆ ಅಂಟಿಕೊಂಡ ಭಯ ಬೇರೆ, ಸ್ವಭಾವದಲ್ಲೇ ಬೆರೆತುಹೋದ ನೋವು ಬೇರೆ. ಎರಡಕ್ಕೂ ಒಂದೇ ಮದ್ದು ಹುಡುಕಿದರೆ ಸುತ್ತಾಡುವುದೇ ಆಗುತ್ತದೆ. ನಾನು ಡಾಕ್ಟರ್ ಅಲ್ಲ. ಆ ಕುರ್ಚಿಯಲ್ಲಿ ಕೂತು ಬಂದವಳು, ಆಮೇಲೆ ಒಂದಷ್ಟು ಓದಿಕೊಂಡವಳು.

ನುಂಗಿದ್ದು ಎಲ್ಲಿಗೆ ಹೋಗುತ್ತದೆ

ನೋವನ್ನು "ಹೊಟ್ಟೆಗೆ ಹಾಕ್ಕೋ" ಅನ್ನುತ್ತೇವೆ. ಸಿಟ್ಟನ್ನು "ನುಂಗಿಕೋ" ಅನ್ನುತ್ತೇವೆ. ನುಂಗಿದ ಮೇಲೆ ಅದು ಏನಾಯಿತು ಅಂತ ಯಾರೂ ವಿಚಾರಿಸುವುದಿಲ್ಲ. ನಮ್ಮದೇ ಒಂದು ಜನಪದ ಕಥೆ ವಿಚಾರಿಸಿದೆ. ಎ.ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡ ಕಥೆಗಳಲ್ಲಿ ಅದೂ ಒಂದು. ಒಬ್ಬ ಹೆಂಗಸಿಗೆ ಒಂದು ಕಥೆ, ಒಂದು ಹಾಡು ಗೊತ್ತಿತ್ತು. ಯಾರಿಗೂ ಹೇಳಲಿಲ್ಲ. ಒಳಗೆ ಉಸಿರುಕಟ್ಟಿದ ಅವೆರಡೂ, ಅವಳು ಬಾಯಿ ತೆರೆದು ಮಲಗಿದ್ದಾಗ ಹೊರಗೆ ಬಂದುಬಿಟ್ಟವು. ಕಥೆ ಒಂದು ಜೊತೆ ಜೋಡಾಗಿ ಬಾಗಿಲ ಹತ್ತಿರ ಕೂತಿತು. ಹಾಡು ಗಂಡಸಿನ ಕೋಟಾಗಿ ಗೂಟಕ್ಕೆ ನೇತುಬಿದ್ದಿತು. ಗಂಡ ಬಂದವನೇ "ಯಾರದು ಇದು?" ಅಂದ. ಅವಳಿಗೇನು ಗೊತ್ತು? ಅಲ್ಲಿಂದ ಜಗಳ. ಕೊನೆಗೆ ಗಂಡನಿಗೆ ನಿಜ ತಿಳಿದು ಅವಳನ್ನು ಕೇಳುವ ಹೊತ್ತಿಗೆ, ಆ ಕಥೆ, ಹಾಡು ಎರಡೂ ಅವಳಿಗೆ ಮರೆತೇ ಹೋಗಿತ್ತು.

ಹೇಳದೆ ಉಳಿದಿದ್ದು ಗುರುತು ಸಿಗದ ವೇಷದಲ್ಲಿ ಮನೆಯಲ್ಲೇ ಓಡಾಡುತ್ತದೆ. ಅದನ್ನು ಒಳಗಿಟ್ಟುಕೊಂಡವರಿಗೇ ಅದು ತಮ್ಮದು ಅಂತ ಗೊತ್ತಿರುವುದಿಲ್ಲ. ಮನೋವಿಶ್ಲೇಷಣೆಗೆ ಹೆಸರಾದ ವಿಯೆನ್ನಾದ ವೈದ್ಯ ಸಿಗ್ಮಂಡ್ ಫ್ರಾಯ್ಡ್ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ನನ್ನ ಸೌಟು ಕೂಡ ಅಂಥದ್ದೇ ಒಂದು ಜೋಡು ಅನ್ನಿ.

ಮಾತಿನಿಂದ ವಾಸಿಮಾಡುವ ಈ ದಾರಿ ಶುರುವಾಗಿದ್ದು ಫ್ರಾಯ್ಡ್‌ನಿಂದಲೂ ಅಲ್ಲ, ಅವನ ಹಿರಿಯ ಗೆಳೆಯ ಜೋಸೆಫ್ ಬ್ರಾಯರ್‌ನ ಒಬ್ಬ ರೋಗಿಯಿಂದ. 1880ರಿಂದ 1882ರವರೆಗೆ ಬ್ರಾಯರ್ ನೋಡಿಕೊಂಡ ಆ ಹುಡುಗಿ, ಅನ್ನಾ ಓ ಅಂತ ಹೆಸರಾದವಳು, ಕಾಯಿಲೆಯ ಅಪ್ಪನ ಸೇವೆ ಮಾಡುತ್ತಾ ತಾನೇ ಕಾಯಿಲೆ ಬಿದ್ದಿದ್ದಳು. ಮನಸ್ಸಿನಲ್ಲಿದ್ದಿದ್ದನ್ನು ಹೇಳಿಕೊಂಡಾಗ ಹಗುರ ಆಗುತ್ತಿತ್ತು. ಅದಕ್ಕೆ ಅವಳೇ ಇಟ್ಟ ಹೆಸರು "ಮಾತಿನ ಚಿಕಿತ್ಸೆ". ತಮಾಷೆಗೆ "ಚಿಮಣಿ ಗುಡಿಸುವುದು" ಅಂತಲೂ ಅನ್ನುತ್ತಿದ್ದಳು. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಬ್ರಾಯರ್‌ನ ಚಿಕಿತ್ಸೆ ಮುಗಿದ ಮೇಲೂ ಅವಳು ಆಸ್ಪತ್ರೆ ಸೇರಬೇಕಾಗಿ ಬಂತು ಅನ್ನುವುದನ್ನು ಹೇಳುವವರು ಕಮ್ಮಿ. ನಂತರದ ವರ್ಷಗಳಲ್ಲಿ ಅವಳು ಹೆಸರಾಂತ ಸಮಾಜಸೇವಕಿಯಾದಳು, ಅದು ಬೇರೆ ಮಾತು. ಹೇಳಿಕೊಂಡ ತಕ್ಷಣ ಎಲ್ಲ ಸರಿಹೋಗುತ್ತದೆ ಅಂತ ಯಾರಾದರೂ ಅಂದರೆ ಈ ಹುಡುಗಿಯನ್ನು ನೆನಪಿಸಿಕೊಳ್ಳಿ.

ಮನೋವಿಶ್ಲೇಷಣೆ: ಪುರುಸೊತ್ತು, ದುಡ್ಡು ಎರಡೂ ಇದ್ದರೆ

ಇದು ಮೂಲದ್ದು. ಮಂಚದಂಥ ಸೋಫಾ ಮೇಲೆ ಮಲಗಬೇಕು, ವಿಶ್ಲೇಷಕರು ಹಿಂದೆ ಕೂರುತ್ತಾರೆ, ಮುಖ ಕಾಣುವುದಿಲ್ಲ. ತಲೆಗೆ ಬಂದಿದ್ದನ್ನೆಲ್ಲ ಸೋಸದೆ ಹೇಳಬೇಕು. ಕೇಳಲು ಸುಲಭ. ಮಾಡಿ ನೋಡಿ, ಐದು ನಿಮಿಷದಲ್ಲೇ "ಇದನ್ನ ಹೇಳಬಾರದು" ಅನ್ನುವ ಒಂದು ವಿಷಯ ಬಂದೇ ಬರುತ್ತದೆ. ಅವರಿಗೆ ಬೇಕಿರುವುದು ಅದೇ. ವಾರಕ್ಕೆ ನಾಲ್ಕೈದು ಸಲ, ವರ್ಷಗಟ್ಟಲೆ. ಫ್ರಾಯ್ಡ್ ಅಂತೂ ವಾರಕ್ಕೆ ಆರು ದಿನ ನೋಡುತ್ತಿದ್ದ.

ಇದು ಪರದೇಶದವರ ಶೋಕಿ ಅಂತ ತಳ್ಳಿಹಾಕಬೇಡಿ. ಗಿರೀಂದ್ರಶೇಖರ ಬೋಸ್ ಕಲ್ಕತ್ತಾದಲ್ಲಿ ಭಾರತೀಯ ಮನೋವಿಶ್ಲೇಷಣಾ ಸಂಘ ಕಟ್ಟಿದ್ದು 1922ರಲ್ಲೇ. ಫ್ರಾಯ್ಡ್ ಜೊತೆ ವರ್ಷಗಟ್ಟಲೆ ಪತ್ರ ಬರೆದುಕೊಂಡರು, ಅವನ ಜೊತೆ ಭಿನ್ನಾಭಿಪ್ರಾಯವನ್ನೂ ಇಟ್ಟುಕೊಂಡಿದ್ದರು. ಫ್ರಾಯ್ಡ್‌ಗೆ 75 ತುಂಬಿದಾಗ ಕಲ್ಕತ್ತಾದಿಂದ ಒಂದು ದಂತದ ವಿಷ್ಣುವಿನ ಮೂರ್ತಿ ಹೋಯಿತು. ಅದನ್ನು ಅವನು ತನ್ನ ಮೇಜಿನ ಮೇಲೇ ಇಟ್ಟುಕೊಂಡಿದ್ದ.

ಯಾರಿಗೆ ಸರಿ? ಜೀವನ ಹೊರಗಿನಿಂದ ನೆಟ್ಟಗೇ ನಡೆಯುತ್ತಿದೆ, ಆದರೂ ಒಳಗೆ ಏನೋ ಒಂದು ಬಿಗಿದುಕೊಂಡಿದೆ, ಅದನ್ನು ಬುಡದಿಂದ ನೋಡಲೇಬೇಕು ಅನ್ನುವವರಿಗೆ. ಒಂದು ಸೆಷನ್‌ಗೆ 1,500 ರೂಪಾಯಿ ಅಂತ ಇಟ್ಟುಕೊಂಡರೂ ವಾರಕ್ಕೆ ನಾಲ್ಕು ಸಲ ಅಂದರೆ ತಿಂಗಳಿಗೆ 24,000 ಆಯಿತು. ಜೊತೆಗೆ ಬೆಂಗಳೂರಿನ ಟ್ರಾಫಿಕ್. ನಾನು ಹುಡುಕಿದಾಗ ಕನ್ನಡದಲ್ಲಿ ಮಾಡುವವರೂ ಸಿಗಲಿಲ್ಲ. ಹಾಗಾಗಿ ಆ ಬಾಗಿಲು ಮುಚ್ಚಿದೆ.

ಸೈಕೋಡೈನಮಿಕ್: ಅದೇ ಹಳ್ಳಕ್ಕೆ ಮತ್ತೆ ಮತ್ತೆ ಬೀಳುವವರಿಗೆ

ಮನೋವಿಶ್ಲೇಷಣೆಯ ತಂಗಿ ಅನ್ನಬಹುದು. ಅಡಿಪಾಯ ಅದೇ, ಕಟ್ಟಡ ಚಿಕ್ಕದು. ಎದುರುಬದುರು ಕುರ್ಚಿ, ವಾರಕ್ಕೆ ಒಂದು ಸಲ, ಐವತ್ತು ನಿಮಿಷ. ಮೊದಲೇ ಒಂದು ವಿಷಯ ಗೊತ್ತುಮಾಡಿಕೊಂಡು ನಾಲ್ಕೈದು ತಿಂಗಳಲ್ಲಿ ಮುಗಿಸುವುದೂ ಉಂಟು, ಒಂದೆರಡು ವರ್ಷ ನಡೆಸುವುದೂ ಉಂಟು. ನಾನು ಹದಿನಾಲ್ಕು ತಿಂಗಳು ಹೋದೆ.

ಮೊದಲ ಎರಡು ತಿಂಗಳು ಸುಮ್ನೆ ದುಡ್ಡು ಹಾಳು ಅನ್ನಿಸಿತು. ಅವರು ಸಲಹೆ ಕೊಡುತ್ತಿರಲಿಲ್ಲ. ನಾನು ಮಾತಾಡುವುದು, ಅವರು ಕೇಳುವುದು. ಒಂದು ದಿನ ಮಳೆ ಬಂದು ಹನ್ನೆರಡು ನಿಮಿಷ ತಡವಾಗಿ ಹೋದೆ. ಕೂರುತ್ತಾ "ಸಾರಿ" ಅಂದೆ. ಛತ್ರಿ ನೆಲದ ಮೇಲೆ ನೀರು ಬಿಟ್ಟಿತು, "ಸಾರಿ". ಕೆಮ್ಮು ಬಂತು, "ಸಾರಿ". ಆಮೇಲೆ ಆಫೀಸಿನ ವಿಷಯ ಹೇಳುತ್ತಾ ಹೇಳುತ್ತಾ "ಸಾರಿ, ಜಾಸ್ತಿ ಮಾತಾಡ್ತಿದೀನಿ" ಅಂದೆ. ಅವರು ಪೆನ್ನು ಕೆಳಗಿಟ್ಟರು. "ಇಷ್ಟೊತ್ತು ನೀವು ಯಾರಿಗೆ ಸಾರಿ ಹೇಳ್ತಿದ್ರಿ?" ಅಂದರು. ನಿಮಗೇ ಅಂದೆ. "ನನಗೆ ಬೇಜಾರಾಗಿದೆ ಅಂತ ಹೇಗೆ ಗೊತ್ತಾಯ್ತು?"

ನನಗೆ ಉತ್ತರ ಹೊಳೆಯಲಿಲ್ಲ. ಅವರ ಮುಖದಲ್ಲಿ ಬೇಜಾರು ಇರಲಿಲ್ಲ. ಆದರೆ ನನಗೆ ಕಂಡಿತ್ತು. ಅಪ್ಪ ಕೆಲಸದಿಂದ ಬಂದು ಚಪ್ಪಲಿ ಬಿಡುವ ಸದ್ದಿನಲ್ಲೇ ಇವತ್ತು ಹೇಗಿದ್ದಾರೆ ಅಂತ ಲೆಕ್ಕ ಹಾಕುತ್ತಿದ್ದ ಏಳು ವರ್ಷದ ಹುಡುಗಿ ಅಲ್ಲಿ ಕೂತಿದ್ದಳು. ಜೋರಾಗಿ ಬಿಟ್ಟರೆ ಅವತ್ತು ನಾನು ಅಡುಗೆಮನೆಯಿಂದ ಈಚೆಗೆ ಬರುತ್ತಿರಲಿಲ್ಲ. ಇದು ನನಗೆ ಗೊತ್ತಿರಲಿಲ್ಲ ಅಂತಲ್ಲ. ನೆನಪಿತ್ತು. ಆ ನೆನಪಿಗೂ ಈ ಸಾರಿಗೂ ನಂಟಿದೆ ಅನ್ನುವುದು ಗೊತ್ತಿರಲಿಲ್ಲ. ಸುಪ್ತಮನಸ್ಸು ಅಂದರೆ ನೆಲಮಾಳಿಗೆಯಲ್ಲಿ ಬೀಗ ಹಾಕಿಟ್ಟ ಭಯಂಕರ ರಹಸ್ಯ ಅಂತ ನಾನು ತಿಳಿದಿದ್ದೆ. ಬಹಳ ಸಲ ಅದು ಹೀಗಿರುತ್ತದೆ: ಎರಡು ವಸ್ತುವೂ ಕಣ್ಣೆದುರಿಗೇ ಇವೆ, ನಡುವಿನ ದಾರ ಮಾತ್ರ ಕಾಣುತ್ತಿಲ್ಲ.

ಹಳೆಯವರ ಜೊತೆ ಇದ್ದ ಭಾವನೆಯನ್ನು ಥೆರಪಿಸ್ಟ್ ಮೇಲೆ ಹೊರಿಸುವ ಇದಕ್ಕೆ ಟ್ರಾನ್ಸ್‌ಫರೆನ್ಸ್ ಅನ್ನುತ್ತಾರೆ. ಸೈಕೋಡೈನಮಿಕ್ ಚಿಕಿತ್ಸೆಯ ಕಸುಬೇ ಇದು. ಹೊರಗೆ ನಡೆಯುವುದು ಆ ಕೋಣೆಯಲ್ಲೂ ನಡೆಯುತ್ತದೆ, ಅಲ್ಲಿ ಅದನ್ನು ಬಿಸಿಬಿಸಿಯಾಗಿರುವಾಗಲೇ ಹಿಡಿಯಬಹುದು. ಪ್ರತಿ ಕೆಲಸದಲ್ಲೂ ಬಾಸ್ ಜೊತೆ ಒಂದೇ ಥರ ಕೆಡುತ್ತದೆ, ಪ್ರೀತಿಸಿದವರೆಲ್ಲ ದೂರ ಹೋಗುವವರೇ ಸಿಗುತ್ತಾರೆ, ಯಾರಾದರೂ ಹತ್ತಿರ ಬಂದರೆ ನಾನೇ ಜಗಳ ತೆಗೆಯುತ್ತೇನೆ ಅನ್ನುವವರು ಮೊದಲು ಈ ಬಾಗಿಲು ತಟ್ಟಿ ಅಂತ ನನ್ನ ಅಭಿಪ್ರಾಯ.

ಫಲ ನಿಧಾನ. ಲಂಡನ್ನಿನ ಟ್ಯಾವಿಸ್ಟಾಕ್ ಕ್ಲಿನಿಕ್‌ನಲ್ಲಿ 129 ಜನರ ಮೇಲೆ ನಡೆದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಅವರೆಲ್ಲ ಬೇರೆ ಚಿಕಿತ್ಸೆಗೆ ಬಗ್ಗದ ದೀರ್ಘ ಖಿನ್ನತೆ ಇದ್ದವರು. ಮಾಮೂಲಿ ಚಿಕಿತ್ಸೆಯ ಜೊತೆ ಒಂದು ಗುಂಪಿಗೆ 18 ತಿಂಗಳು ವಾರಕ್ಕೊಮ್ಮೆ ಮನೋವಿಶ್ಲೇಷಣೆಯ ದಾರಿಯ ಥೆರಪಿ ಕೊಟ್ಟರು. ಮುಗಿದ ದಿನ ಎರಡು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಮುಗಿದು ಎರಡು ವರ್ಷ ಆದ ಮೇಲೆ ನೋಡಿದರೆ, ಥೆರಪಿ ತಗೊಂಡವರಲ್ಲಿ ನೂರಕ್ಕೆ 44 ಜನರಿಗೆ ಖಿನ್ನತೆಯ ಲಕ್ಷಣಗಳು ರೋಗ ಅನ್ನುವ ಮಟ್ಟಕ್ಕಿಂತ ಕೆಳಗಿಳಿದಿದ್ದವು. ಮಾಮೂಲಿ ಚಿಕಿತ್ಸೆ ಮಾತ್ರ ಪಡೆದವರಲ್ಲಿ 10. ಪೂರ್ತಿ ವಾಸಿಯಾದವರು ಎರಡೂ ಕಡೆ ಕಮ್ಮಿಯೇ. ಎರಡನೇ ತಿಂಗಳಿಗೇ ಬಿಟ್ಟುಬಿಡಬೇಕು ಅನ್ನಿಸಿದವರಿಗೆ ಈ ಲೆಕ್ಕ ಉಪಯೋಗಕ್ಕೆ ಬರಬಹುದು.

ಸಿಬಿಟಿ: ನಾಳೆ ಬೆಳಗ್ಗೆ ಎದ್ದು ಕೆಲಸಕ್ಕೆ ಹೋಗಬೇಕಲ್ಲ

ಸಿಬಿಟಿ ಅಂದರೆ ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ, ಯೋಚನೆ ಮತ್ತು ನಡವಳಿಕೆಯನ್ನೇ ಹಿಡಿದು ಮಾಡುವ ಚಿಕಿತ್ಸೆ. ಅದು ಮೇಲುಮೇಲಿನದು, ಒಳಗೆ ಇಳಿಯಲ್ಲ ಅಂತ ಒಂದು ಮಾತಿದೆ. ಇದನ್ನು ಜಾಸ್ತಿ ಹೇಳುವವರು ಸಿಬಿಟಿ ಮಾಡದ ಥೆರಪಿಸ್ಟುಗಳು. ಇದರ ಮೂಲಪುರುಷ ಆರನ್ ಬೆಕ್ ತಾನೇ ಮನೋವಿಶ್ಲೇಷಣೆ ಕಲಿತವನು. ಖಿನ್ನತೆ ಅಂದರೆ ಒಳಮುಖವಾಗಿ ತಿರುಗಿದ ಸಿಟ್ಟು ಅನ್ನುವ ಫ್ರಾಯ್ಡ್ ಮಾತನ್ನು ಸಾಬೀತುಮಾಡಲು ಖಿನ್ನರಾದವರ ಕನಸುಗಳನ್ನು ಪರೀಕ್ಷೆ ಮಾಡಲು ಹೊರಟ. ಸಿಕ್ಕಿದ್ದು ಸಿಟ್ಟಲ್ಲ, ಸೋಲು, ಕಳೆದುಕೊಳ್ಳುವುದು, "ನಾನು ಕೆಲಸಕ್ಕೆ ಬಾರದವನು" ಅನ್ನುವ ಭಾವ. ಆ ಯೋಚನೆಗಳನ್ನೇ ನೇರವಾಗಿ ಹಿಡಿದರೆ ಹೇಗೆ ಅಂತ 1960ರ ದಶಕದಲ್ಲಿ ಹೊಸ ದಾರಿ ಮಾಡಿದ.

ಇದರಲ್ಲಿ ಹೋಂವರ್ಕ್ ಇರುತ್ತದೆ. ನನಗೆ ನಿದ್ದೆ ಬಾರದೆ ಆಫೀಸಿನಲ್ಲಿ ತಪ್ಪು ಮಾಡುತ್ತಿದ್ದ ಕಾಲದಲ್ಲಿ ಮೊದಲು ಹೋಗಿದ್ದು ಇದಕ್ಕೇ. ಒಂದು ನೋಟ್‌ಬುಕ್: ಏನಾಯಿತು, ತಲೆಗೆ ಏನು ಬಂತು, ಮೈಗೆ ಏನಾಯಿತು, ಆ ಯೋಚನೆಗೆ ಪುರಾವೆ ಏನು. ಹತ್ತು ಸೆಷನ್‌ಗೆ ನಿದ್ದೆ ದಾರಿಗೆ ಬಂತು. ಸೌಟು ಎಸೆಯುವುದು ನಿಲ್ಲಲಿಲ್ಲ, ಆದರೆ ಎಸೆಯುವ ಮುಂಚೆ ಎರಡು ಸೆಕೆಂಡ್ ಗೊತ್ತಾಗತೊಡಗಿತು. ಆ ಎರಡು ಸೆಕೆಂಡ್ ಇಲ್ಲದಿದ್ದರೆ ಆಮೇಲಿನ ಹದಿನಾಲ್ಕು ತಿಂಗಳು ನನ್ನ ಕೈಲಿ ಆಗುತ್ತಿರಲಿಲ್ಲ. ಸಾಮಾನ್ಯವಾಗಿ 12ರಿಂದ 20 ಸೆಷನ್‌ಗೆ ಮುಗಿಯುತ್ತದೆ, ಹಾಗಾಗಿ ಖರ್ಚು ಎಷ್ಟು ಅಂತ ಮೊದಲೇ ಅಂದಾಜು ಸಿಗುತ್ತದೆ. ಬಾಲ್ಯದ ನಂಬಿಕೆಗಳನ್ನೇ ಹಿಡಿದು ಕೆಲಸ ಮಾಡುವ ಸ್ಕೀಮಾ ಥೆರಪಿ ಅಂತಲೂ ಇದರ ಒಂದು ಕವಲಿದೆ. ಸಿಬಿಟಿಯ ಶಿಸ್ತು ಬೇಕು, ಆಳವೂ ಬೇಕು ಅನ್ನುವವರು ಕೇಳಿ ನೋಡಿ.

ಪ್ಯಾನಿಕ್ ಅಟ್ಯಾಕ್, ನಿದ್ದೆ ಕೆಟ್ಟಿರುವುದು, ಒಂದೇ ಯೋಚನೆ ಗಿರಗಿರ ಸುತ್ತುವುದು, ಮನೆಯಿಂದ ಹೊರಗೆ ಕಾಲಿಡಲು ಆಗದಿರುವುದು: ಹೀಗೆ ದಿನದ ಬದುಕೇ ನಿಂತಿದ್ದರೆ ಬಾಲ್ಯ ಆಮೇಲೆ ನೋಡೋಣ, ಮೊದಲು ಇಲ್ಲಿಗೆ ಹೋಗಿ.

ಇಎಂಡಿಆರ್: ಒಂದು ದಿನ, ಒಂದು ದೃಶ್ಯ

ಅಪಘಾತ, ಹಲ್ಲೆ, ಐಸಿಯು ಬಾಗಿಲು, ಬೆಳಗಿನ ಜಾವದ ಫೋನು. ದಿನಾಂಕ ಹೇಳಬಹುದಾದ ಗಾಯಕ್ಕೆ ಇಎಂಡಿಆರ್, ಅಂದರೆ ಕಣ್ಣು ಆಡಿಸುತ್ತಾ ಕಾಡುವ ನೆನಪಿನ ಕಾವು ಇಳಿಸುವ ಚಿಕಿತ್ಸೆ. ಫ್ರಾನ್ಸೀನ್ ಶಪೀರೊ ಅನ್ನುವ ಅಮೆರಿಕದ ಮನಃಶಾಸ್ತ್ರಜ್ಞೆ 1987ರಲ್ಲಿ ಪಾರ್ಕಿನಲ್ಲಿ ನಡೆಯುವಾಗ, ಕಣ್ಣು ಆಚೆ ಈಚೆ ಓಡಾಡಿದರೆ ಕಾಡುವ ಯೋಚನೆಯ ಕಾವು ಇಳಿಯುತ್ತದೆ ಅಂತ ಗಮನಿಸಿದರಂತೆ. ಅಲ್ಲಿಂದ ಬೆಳೆದಿದ್ದು. ನೆನಪನ್ನು ಮನಸ್ಸಿನಲ್ಲಿ ಹಿಡಿದುಕೊಂಡು ಥೆರಪಿಸ್ಟ್ ಬೆರಳು ಆಡಿಸಿದ ಕಡೆ ಕಣ್ಣು ಆಡಿಸುವುದು, ನಡುನಡುವೆ ನಿಲ್ಲಿಸಿ "ಈಗ ಏನು ಬರ್ತಿದೆ?" ಅಂತ ಕೇಳುವುದು. ಒಟ್ಟು ಎಂಟು ಹಂತ. ಕಣ್ಣಾಡಿಸುವ ಭಾಗಕ್ಕೆ ಬರುವ ಮುಂಚೆ ತಯಾರಿಯ ಹಂತಗಳಿರುತ್ತವೆ. ಮೊದಲ ದಿನವೇ ಬೆರಳು ಆಡಿಸಲು ಶುರುಮಾಡಿದರೆ ಎದ್ದು ಬನ್ನಿ.

ಕಣ್ಣು ಆಡಿಸುವುದೇ ಕೆಲಸ ಮಾಡುತ್ತದೋ, ಭಯದ ನೆನಪನ್ನು ಸುರಕ್ಷಿತ ಜಾಗದಲ್ಲಿ ಮತ್ತೆ ಮತ್ತೆ ಮುಟ್ಟುವುದು ಕೆಲಸ ಮಾಡುತ್ತದೋ ಅನ್ನುವ ಜಗಳ ಸಂಶೋಧಕರ ನಡುವೆ ಇನ್ನೂ ಮುಗಿದಿಲ್ಲ. ಆದರೆ ಫಲ ಇದೆ ಅನ್ನುವುದನ್ನು ವಿಶ್ವ ಆರೋಗ್ಯ ಸಂಸ್ಥೆಯೂ ಒಪ್ಪಿದೆ. ಆಘಾತದ ನಂತರದ ತೊಂದರೆಗೆ 2013ರ ಮಾರ್ಗಸೂಚಿಯಲ್ಲಿ ಅದು ಸಲಹೆ ಮಾಡಿದ್ದರಲ್ಲಿ ಆಘಾತಕ್ಕೆಂದೇ ಹೊಂದಿಸಿದ ಸಿಬಿಟಿ ಮತ್ತು ಇಎಂಡಿಆರ್ ಇವೆ. ಎಲ್ಲವನ್ನೂ ಬಿಡಿಸಿ ಹೇಳಬೇಕಾಗಿಲ್ಲ ಅನ್ನುವುದು ಇದರ ಇನ್ನೊಂದು ಅನುಕೂಲ. ಬಾಯಲ್ಲಿ ಹೇಳಲಾರದಂಥದ್ದು ನಡೆದಿರುವವರಿಗೆ ಅದು ದೊಡ್ಡ ವಿಷಯ ಅಲ್ವಾ.

ಯೂಂಗ್ ದಾರಿಯ ಬಗ್ಗೆ ಎರಡು ಮಾತು

ಕನಸು, ಪುರಾಣ, ನಾವೇ ಒಪ್ಪಿಕೊಳ್ಳದ ನಮ್ಮ "ನೆರಳು", ಇವುಗಳಲ್ಲಿ ಆಸಕ್ತಿ ಇದ್ದರೆ ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್‌ನ ಅನುಯಾಯಿಗಳು ಇಷ್ಟವಾಗುತ್ತಾರೆ. ಯೂಂಗ್ 1937ರ ಕೊನೆಗೆ ಭಾರತಕ್ಕೆ ಬಂದವನು ಮೈಸೂರಿಗೂ ಬಂದಿದ್ದ. ಮಹಾರಾಜರ ಗುರುಗಳಾಗಿದ್ದ ಸುಬ್ರಹ್ಮಣ್ಯ ಅಯ್ಯರ್ ಜೊತೆ ಕೂತು ಮಾತಾಡಿದ್ದ. ನಲವತ್ತು ದಾಟಿದ ಮೇಲೆ "ಇಷ್ಟೇನಾ?" ಅನ್ನುವ ಪ್ರಶ್ನೆ ಬಂದವರಿಗೆ ಒಳ್ಳೆಯ ಜೊತೆ. ತುರ್ತಿನ ಕಷ್ಟಕ್ಕೆ ಅಲ್ಲ.

ಸಮ್ಮೋಹನ, ಪೂರ್ವಜನ್ಮ: ಇಲ್ಲಿ ನಾನು ಸಮತೋಲನ ಮಾಡುವುದಿಲ್ಲ

ಎರಡು ಥೆರಪಿಗಳ ನಡುವೆ ನಾನೂ ಒಬ್ಬರ ಹತ್ತಿರ ಹೋಗಿದ್ದೆ. ಚೆಂದದ ಕೋಣೆ, ಅಗರಬತ್ತಿ, ಕಣ್ಣು ಮುಚ್ಚಿಸಿದರು. "ಮೆಟ್ಟಿಲು ಇಳೀತಿದೀರಿ, ಬಾಗಿಲು ಕಾಣ್ತಿದೆ, ಒಳಗೆ ಯಾರೋ ಅಳ್ತಿದಾರೆ, ಯಾರದು?" ಅಂದರು. ಯಾರೂ ಅಳುತ್ತಿರಲಿಲ್ಲ. ಆದರೆ ಅವರು ಕೇಳಿದ ಮೇಲೆ ಯಾರೋ ಅಳುತ್ತಿದ್ದ ಹಾಗೇ ಅನ್ನಿಸಿತು. ಮೂರನೇ ಸಲಕ್ಕೆ ನಾನು ಹಿಂದಿನ ಜನ್ಮದಲ್ಲಿ ಬಾವಿಗೆ ಬಿದ್ದ ವಿಧವೆ ಆಗಿದ್ದೆ. ಮನೆಗೆ ಬಂದು ಗಂಡನಿಗೆ ಹೇಳಿದರೆ ಅವನು, "ಅದು ಹೋದ ವಾರ ನೋಡಿದ ಧಾರಾವಾಹಿ" ಅಂದ. ನಿಜ.

ನಗು ಬರುತ್ತದೆ, ಆದರೆ ಅಪಾಯ ಇರುವುದು ಅಲ್ಲೇ. ನೆನಪು ಅನ್ನುವುದು ಪೆಟ್ಟಿಗೆಯಿಂದ ತೆಗೆಯುವ ಫೋಟೊ ಅಲ್ಲ; ಪ್ರತಿ ಸಲ ಹೊಸದಾಗಿ ಕಟ್ಟುವುದು. ನೆನಪಿನ ಬಗ್ಗೆ ಸಂಶೋಧನೆ ಮಾಡುವ ಮನಃಶಾಸ್ತ್ರಜ್ಞೆ ಎಲಿಜಬೆತ್ ಲಾಫ್ಟಸ್ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 24 ಜನರಿಗೆ, "ಚಿಕ್ಕವರಿದ್ದಾಗ ನೀವು ಶಾಪಿಂಗ್ ಮಾಲ್‌ನಲ್ಲಿ ಕಳೆದುಹೋಗಿದ್ದಿರಿ" ಅನ್ನುವ ನಡೆಯದ ಸಂಗತಿಯನ್ನು ನಡೆದದ್ದರ ಜೊತೆ ಸೇರಿಸಿ ಕೊಟ್ಟರು. ಸುಮಾರು ಕಾಲು ಭಾಗದಷ್ಟು ಜನ ಅದನ್ನು ಪೂರ್ತಿಯಾಗೋ ಅರ್ಧಂಬರ್ಧವೋ "ನೆನಪಿಸಿಕೊಂಡರು". ಸಮ್ಮೋಹನದಲ್ಲಿ ಮನಸ್ಸು ಇನ್ನೂ ಮೆತ್ತಗಾಗಿರುತ್ತದೆ. ಇಲ್ಲದ ದೌರ್ಜನ್ಯದ ನೆನಪು ಹುಟ್ಟಿ ಮನೆಗಳೇ ಒಡೆದಿವೆ. ಫ್ರಾಯ್ಡ್ ಕೂಡ ಸಮ್ಮೋಹನದಿಂದ ಶುರುಮಾಡಿ, ಅದನ್ನು ಬಿಟ್ಟ ಮೇಲೇ ತನ್ನ ದಾರಿ ಕಂಡುಕೊಂಡಿದ್ದು. ನೋವು, ಆತಂಕ ಕಮ್ಮಿಮಾಡಲು ತರಬೇತಿ ಪಡೆದ ವೈದ್ಯರು ಸಮ್ಮೋಹನ ಬಳಸುವುದು ಬೇರೆ ಮಾತು. ಮರೆತ ನೆನಪು ತೆಗೆದುಕೊಡುತ್ತೇವೆ, ಹಿಂದಿನ ಜನ್ಮ ತೋರಿಸುತ್ತೇವೆ ಅನ್ನುವವರ ಹತ್ತಿರ ಹೋಗಬೇಡಿ.

ಯಾವ ಭಾಷೆಯಲ್ಲಿ ಅಳುತ್ತೀರಿ?

ಪಂಥದಷ್ಟೇ ದೊಡ್ಡ ಪ್ರಶ್ನೆ ಇದು, ಆದರೆ ಥೆರಪಿ ಹುಡುಕುವಾಗ ಯಾರೂ ಕೇಳಿಕೊಳ್ಳುವುದಿಲ್ಲ. ನನ್ನ ಮೊದಲ ಥೆರಪಿಸ್ಟ್ ಜೊತೆ ಮಾತೆಲ್ಲ ಇಂಗ್ಲಿಷಿನಲ್ಲಿ. ನೋಟ್‌ಬುಕ್ ಕೆಲಸಕ್ಕೆ ಏನೂ ತೊಂದರೆ ಆಗಲಿಲ್ಲ. ಆದರೆ "ಬೇಜಾರು" ಅನ್ನುವುದನ್ನು ಇಂಗ್ಲಿಷಿಗೆ ಹಾಕಿ ನೋಡಿ. ಹೊತ್ತು ಹೋಗದಿದ್ದರೂ ಬೇಜಾರು, ಗೆಳತಿ ಮಾತು ಬಿಟ್ಟರೂ ಬೇಜಾರು, ಸಾವಿನ ಮನೆಯಿಂದ ಬಂದರೂ ಬೇಜಾರು, ಯಾರೋ ಸುಮ್ಮನೆ ಕೆಣಕಿದರೂ ಬೇಜಾರು. ಇಂಗ್ಲಿಷಿಗೆ ಹಾಕುವಾಗ ನಾನು ನಾಲ್ಕರಲ್ಲಿ ಒಂದನ್ನು ಆರಿಸಬೇಕಿತ್ತು, ಸುಲಭದ್ದನ್ನೇ ಆರಿಸುತ್ತಿದ್ದೆ. ಎರಡನೆಯವರ ಹತ್ತಿರ ಕನ್ನಡದಲ್ಲಿ "ಬೇಜಾರು" ಅಂದೆ. "ಯಾವ ಬೇಜಾರು?" ಅಂದರು. ಅವತ್ತಿನ ಐವತ್ತು ನಿಮಿಷ ಅದರಲ್ಲೇ ಹೋಯಿತು.

ಹೊಟ್ಟೆ ಉರಿಯುವುದು, ಕರುಳು ಚುರ್ ಅನ್ನುವುದು, ಎದೆಗೆ ಹಚ್ಚಿಕೊಳ್ಳುವುದು, ತಲೆ ಕೆಡಿಸಿಕೊಳ್ಳುವುದು: ನಮ್ಮ ಭಾಷೆಯಲ್ಲಿ ಭಾವನೆಗಳಿಗೆಲ್ಲ ಮೈಯಲ್ಲಿ ಒಂದೊಂದು ವಿಳಾಸ ಇದೆ. ಬಾಲ್ಯದವರೆಗೆ ಇಳಿಯುವ ಥೆರಪಿ ಆದರೆ, ಬಾಲ್ಯ ನಡೆದ ಭಾಷೆ ಬಲ್ಲವರನ್ನೇ ಹುಡುಕಿ. ಧಾರವಾಡದವರಿಗೆ ಧಾರವಾಡದ ಕನ್ನಡ, ಮಂಗಳೂರಿನವರಿಗೆ ತುಳು ಸಿಕ್ಕರೆ ಅದೃಷ್ಟ. ಡಲ್ಲಾಸ್‌ನಲ್ಲೋ ದುಬೈನಲ್ಲೋ ಇರುವವರಿಗೂ ಈಗ ಆನ್‌ಲೈನ್ ಇದೆ. ಆದರೆ ನೀವಿರುವ ದೇಶದ ಕಾನೂನು ಬೇರೆ ದೇಶದವರಿಂದ ಥೆರಪಿಗೆ ಒಪ್ಪುತ್ತದೆಯೇ ಅಂತ ಮೊದಲು ಕೇಳಿಕೊಳ್ಳಿ. ಸಿಬಿಟಿಗಾದರೆ ಭಾಷೆಯ ಪಟ್ಟು ಸ್ವಲ್ಪ ಸಡಿಲಿಸಬಹುದು.

ಬೋರ್ಡು, ಬಿಲ್ಲು

ಮಾತ್ರೆ ಬರೆಯುವವರು ಮನೋವೈದ್ಯರು, ಎಂಬಿಬಿಎಸ್ ಮೇಲೆ ಓದಿದವರು. ಕ್ಲಿನಿಕಲ್ ಸೈಕಾಲಜಿಸ್ಟ್‌ಗಳಿಗೆ ಭಾರತೀಯ ಪುನರ್ವಸತಿ ಮಂಡಳಿಯ, ಅಂದರೆ ಆರ್‌ಸಿಐನ ನೋಂದಣಿ ಸಂಖ್ಯೆ ಇರುತ್ತದೆ. ಕೇಳಿದರೆ ತಪ್ಪೇನಿಲ್ಲ, ಕೇಳಿದ್ದಕ್ಕೆ ಸಿಟ್ಟಾದರೆ ಅದೇ ಉತ್ತರ. "ಕೌನ್ಸೆಲರ್" ಬೋರ್ಡಿನ ಹಿಂದೆ ವರ್ಷಗಟ್ಟಲೆ ಓದಿದವರೂ ಇರುತ್ತಾರೆ, ವಾರಾಂತ್ಯದ ಕೋರ್ಸ್ ಮಾಡಿದವರೂ ಇರುತ್ತಾರೆ. ಸೈಕೋಡೈನಮಿಕ್ ಮಾಡುತ್ತೇನೆ ಅನ್ನುವವರಿಗೆ ನಾನು ಎರಡು ಪ್ರಶ್ನೆ ಕೇಳುತ್ತಿದ್ದೆ: ನೀವು ಸ್ವತಃ ಥೆರಪಿಗೆ ಹೋಗಿದ್ದೀರಾ, ನಿಮ್ಮ ಕೇಸುಗಳನ್ನು ಹಿರಿಯರ ಜೊತೆ ಚರ್ಚೆ ಮಾಡುತ್ತೀರಾ. ಈ ದಾರಿಯ ತರಬೇತಿಯಲ್ಲಿ ಎರಡಕ್ಕೂ ತುಂಬಾ ಬೆಲೆ ಇದೆ, ಒಳ್ಳೆಯವರು ನಗುತ್ತಲೇ ಹೇಳುತ್ತಾರೆ.

ದುಡ್ಡು ಕಮ್ಮಿ ಇದ್ದರೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಹಳೆಯ ಮಾನಸಿಕ ಆಸ್ಪತ್ರೆಯೂ 1954ರ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಸೇರಿ 1974ರಲ್ಲಿ ಆದದ್ದು. ಕಾಯಬೇಕಾಗುತ್ತದೆ, ಅಷ್ಟೇ. ಜಿಲ್ಲೆಗಳಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಇದೆ. ಇಡೀ ದೇಶಕ್ಕೆ ಅದರ ಮಾದರಿ ಹೋಗಿದ್ದು ನಮ್ಮ ಬಳ್ಳಾರಿಯಿಂದ. 1980ರ ದಶಕದಲ್ಲಿ ನಿಮ್ಹಾನ್ಸ್ ಅಲ್ಲೇ ಮೊದಲು ಪ್ರಯೋಗ ಮಾಡಿತು. ಆದರೆ ಅಲ್ಲಿ ಮಾತ್ರೆ, ಒಂದಷ್ಟು ಸಲಹೆ ಸಿಗಬಹುದೇ ಹೊರತು ವಾರವಾರ ಕೂತು ಬಾಲ್ಯ ಬಿಚ್ಚುವಷ್ಟು ಸಮಯ ನಿರೀಕ್ಷಿಸಬೇಡಿ. ಮಾನಸಿಕ ಕಾಯಿಲೆಗೂ ಮೈಯ ಕಾಯಿಲೆಯಂತೆಯೇ ವಿಮೆ ಕೊಡಬೇಕು ಅಂತ 2017ರ ಕಾಯ್ದೆ ಹೇಳುತ್ತದೆ. ಥೆರಪಿ ಬಿಲ್ ಬರಬೇಕಾದರೆ ಮಾತ್ರ ನಿಮ್ಮ ಪಾಲಿಸಿಯಲ್ಲಿ ಹೊರರೋಗಿ ಖರ್ಚು ಸೇರಿದೆಯಾ ನೋಡಿಕೊಳ್ಳಿ.

ಈಗ ಬೇಡ ಅನ್ನುವ ಸಮಯ

ಒಳಗೆ ಇಳಿಯಲು ಕಾಲ ಕೂಡಿ ಬರಬೇಕು. ಸಾಯುವ ಯೋಚನೆ ಬರುತ್ತಿದ್ದರೆ, ಕಿವಿಯಲ್ಲಿ ದನಿ ಕೇಳುತ್ತಿದ್ದರೆ, ದಿನಾ ಕುಡಿಯುತ್ತಿದ್ದರೆ ಮೊದಲು ಮನೋವೈದ್ಯರು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ ಸಂಖ್ಯೆ 14416. 2022ರಿಂದ ಇದೆ, ಉಚಿತ, ಹಗಲೂ ರಾತ್ರಿ, ಕನ್ನಡದಲ್ಲೂ ಮಾತಾಡಬಹುದು. ಮನೆಯಲ್ಲಿ ಈಗಲೂ ಹೊಡೆತ ಬೀಳುತ್ತಿದ್ದರೆ ಹಳೆಯ ಗಾಯ ನೋಡುವುದಕ್ಕಿಂತ ಮೊದಲು ಸುರಕ್ಷಿತ ಜಾಗ. ಇನ್ನು ಸಾವಾಗಿ ತಿಂಗಳೂ ಆಗದೆ ಅಳುತ್ತಿದ್ದರೆ ಅದು ಕಾಯಿಲೆಯೇ ಅಲ್ಲ. ಅಳಲಿ ಬಿಡಿ. ನನಗೂ ಅವತ್ತು ಯಾರಾದರೂ ಹಾಗಂದಿದ್ದರೆ ಎರಡು ವರ್ಷದ ಫೀಸು ಉಳಿಯುತ್ತಿತ್ತೇನೋ.

ಶುರುಮಾಡಿದ ಮೇಲೆ ಮೊದಮೊದಲು ಇನ್ನೂ ಕೆಡುವುದುಂಟು. ಕೆಟ್ಟ ಕನಸು, ಸುಮ್ಮಸುಮ್ಮನೆ ಅಳು, ಸೆಷನ್ ಮುಗಿದ ದಿನ ಸುಸ್ತು. ನಾನು ಬುಧವಾರ ಸಂಜೆ ಮನೆಗೆ ನೆಂಟರನ್ನೇ ಕರೆಯುತ್ತಿರಲಿಲ್ಲ. ಆದರೆ ಎರಡು ತಿಂಗಳಾದರೂ ಕೆಲಸ, ಊಟ, ನಿದ್ದೆ ಕೆಳಗೇ ಜಾರುತ್ತಿದ್ದರೆ ಬಾಯಿ ಬಿಟ್ಟು ಹೇಳಿ. "ನಿಮ್ಮ ಮೇಲೆ ಸಿಟ್ಟು ಬರ್ತಿದೆ, ಇದು ಕೆಲಸ ಮಾಡ್ತಿಲ್ಲ" ಅಂತ ಥೆರಪಿಸ್ಟ್‌ಗೆ ಮುಖಕ್ಕೆ ಮುಖ ಕೊಟ್ಟು ಹೇಳುವುದೂ ಥೆರಪಿಯೇ. ನಾನು ಹೇಳಿದ್ದು ಒಂಬತ್ತನೇ ತಿಂಗಳಲ್ಲಿ. ಹೇಳಿದ ಮೇಲೆ ಸಾರಿ ಅನ್ನಲಿಲ್ಲ.

ಮೂರು ನಾಲ್ಕು ಸೆಷನ್ ನೋಡಿ, ಆಗಿಬರದಿದ್ದರೆ ಬದಲಾಯಿಸಿ. ಒಂದಾದ ಮೇಲೆ ಒಂದು ಮಾಡಿದರೂ ಸರಿ, ಆದರೆ ಎರಡು ಕಡೆ ಒಟ್ಟಿಗೆ ಬೇಡ. ಸಾರಿಯ ಕೆಲಸ ಮುಗಿಯಿತು, ಫೋನಿನದು ಹಾಗೇ ಉಳಿದಿದೆ. ಮಾತಿನಲ್ಲಿ ಎಷ್ಟು ಬಿಡಿಸಿದರೂ ಕೈ ತಣ್ಣಗಾಗುವುದು ನಿಂತಿಲ್ಲ. ಹಾಗಾಗಿ ಹೋದ ವಾರ ಇಎಂಡಿಆರ್ ಮಾಡುವ ಒಬ್ಬರಿಗೆ ಮೆಸೇಜ್ ಹಾಕಿದೆ. ಮೊದಲ ಸಲ ಏನು ಬರೆಯಬೇಕು ಅಂತ ಎಲ್ಲರಿಗೂ ಗೊಂದಲ ಆಗುತ್ತದೆ. ಜನ್ಮಜಾತಕ ಬೇಡ, ಎರಡು ಸಾಲು ಸಾಕು. ನನ್ನದು ಹೀಗಿತ್ತು, ಬೇಕಿದ್ದರೆ ನಿಮ್ಮ ವಿಷಯ ಹಾಕಿಕೊಂಡು ಕಳಿಸಿ:

"ನಮಸ್ಕಾರ. ಅಪ್ಪ ತೀರಿಕೊಂಡು ಒಂಬತ್ತು ವರ್ಷ ಆಯ್ತು, ರಾತ್ರಿ ಫೋನ್ ರಿಂಗಾದರೆ ಇನ್ನೂ ಕೈ ತಣ್ಣಗಾಗುತ್ತೆ. ಕನ್ನಡದಲ್ಲಿ ಮಾತಾಡಬಹುದಾ?"